ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲವೇ? ಕೇಬಲ್‌ಗೆ ಕೈ ಹಾಕುವ ಮೊದಲು ಡ್ರಮ್ ಬಿಚ್ಚಿ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ತೋಟದ ಮನೆ. ಅಪ್ಪ ತೆಗೆದುಕೊಂಡಿದ್ದ 2005ರ ಮಾರುತಿ 800 ಇನ್ನೂ ಓಡುತ್ತಿದೆ. ಈಚೆಗೆ ಹ್ಯಾಂಡ್‌ಬ್ರೇಕ್ ಹನ್ನೆರಡು ಕ್ಲಿಕ್ ಎಳೆದರೂ ಮನೆ ಮುಂದಿನ ಇಳಿಜಾರಿನಲ್ಲಿ ಗಾಡಿ ನಿಧಾನಕ್ಕೆ ಜಾರುತ್ತದೆ. ಹಿಂದಿನ ಚಕ್ರಕ್ಕೆ ಕಲ್ಲು ಇಟ್ಟು ನಿಲ್ಲಿಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಎರಡು ವಾರ ಶೆಡ್ಡಿನಲ್ಲಿ ನಿಂತಿದ್ದಾಗ ಎಡಗಡೆ ಹಿಂದಿನ ಚಕ್ರ ಹಿಡಿದುಕೊಂಡು ಗಾಡಿ ಅಲುಗಾಡಲೇ ಇಲ್ಲ. ಸ್ಪ್ಯಾನರ್ ಹಿಡಿಯುವ ಅಭ್ಯಾಸ ನನಗೆ ಸ್ವಲ್ಪ ಇದೆ. ಕೇಬಲ್ ಟೈಟ್ ಮಾಡಿದರೆ ಸಾಕೇ? ಮನೆಯಲ್ಲೇ ಮಾಡಬಹುದೇ?

ಉತ್ತರ: ಮನೆಯಲ್ಲೇ ಮಾಡಬಹುದು. ಆದರೆ ಕೇಬಲ್ ಟೈಟ್ ಮಾಡುವುದರಿಂದ ಶುರು ಮಾಡಬೇಡಿ. ಚಿಕ್ಕಮಗಳೂರಿನಲ್ಲಿ ಇಷ್ಟು ವರ್ಷ ಗಾಡಿ ಕೆಲಸ ಮಾಡಿದ ಮೇಲೆ ನಿಮಗೆ ಒಂದೇ ಒಂದು ಮಾತು ಹೇಳು ಅಂದರೆ ಇದನ್ನೇ ಹೇಳುತ್ತೇನೆ. ಹ್ಯಾಂಡ್‌ಬ್ರೇಕ್ ಸಡಿಲ ಅಂತ ಬರುವ ಹಳೇ ಗಾಡಿಗಳಲ್ಲಿ ಕಾಯಿಲೆ ಹೆಚ್ಚಾಗಿ ಹಿಂದಿನ ಡ್ರಮ್ಮಿನ, ಅಂದರೆ ಹಿಂದಿನ ಚಕ್ರದ ಜೊತೆ ತಿರುಗುವ ಬಟ್ಟಲಿನಂಥ ಭಾಗದ, ಒಳಗೆ ಇರುತ್ತದೆ. ಲಿವರಿನ ಬುಡದಲ್ಲಿ ಕಾಣುವುದು ಅದರ ಲಕ್ಷಣ ಅಷ್ಟೇ. ಕೇಬಲ್ ಎಳೆದು ಬಿಗಿ ಮಾಡಿದರೆ ಆ ಲಕ್ಷಣ ನಾಲ್ಕು ದಿನ ಮುಚ್ಚಿಕೊಳ್ಳುತ್ತದೆ, ಒಳಗಿನ ಕಾಯಿಲೆ ಬೆಳೆಯುತ್ತಲೇ ಇರುತ್ತದೆ.

ಒಳಗೆ ಏನು ನಡೆಯುತ್ತದೆ ಅಂತ ಮೊದಲು ತಿಳಿದುಕೊಳ್ಳಿ, ಆಮೇಲೆ ಸ್ಪ್ಯಾನರ್ ತೆಗೆಯಿರಿ. ನೀವು ಲಿವರ್ ಎತ್ತಿದಾಗ ಕೇಬಲ್ ಹಿಂದಿನ ಎರಡು ಚಕ್ರಗಳ ಕಡೆಯಿಂದ ಎಳೆಯಲ್ಪಡುತ್ತದೆ. ಕೇಬಲ್ ಅಂದರೆ ಹೊರಗೆ ಒಂದು ಕವಚ, ಅದರೊಳಗೆ ಜಾರುವ ಉಕ್ಕಿನ ತಂತಿ. ಆ ತಂತಿಯ ತುದಿ ಪ್ರತಿ ಡ್ರಮ್ಮಿನೊಳಗೆ ಒಂದು ಸಣ್ಣ ಲಿವರಿಗೆ ಸಿಕ್ಕಿಕೊಂಡಿರುತ್ತದೆ. ಡ್ರಮ್ಮಿನೊಳಗೆ ಬಿಲ್ಲಿನಂತೆ ಬಾಗಿದ ಎರಡು ಲೋಹದ ತುಂಡುಗಳಿರುತ್ತವೆ, ಅವೇ ಬ್ರೇಕ್ ಶೂ. ಈ ಸಣ್ಣ ಲಿವರ್ ಅವುಗಳಲ್ಲಿ ಒಂದಕ್ಕೆ ತಿರುಗಣಿಯಂತೆ ಕೂತಿರುತ್ತದೆ. ಕೇಬಲ್ ಅದನ್ನು ಎಳೆದಾಗ ಅದು ನಡುವಿನ ಒಂದು ಪಟ್ಟಿಯನ್ನು ದೂಡುತ್ತದೆ, ಪಟ್ಟಿ ಎದುರು ಶೂವನ್ನು ಡ್ರಮ್ಮಿಗೆ ಒತ್ತುತ್ತದೆ, ಆ ಒತ್ತಡಕ್ಕೆ ಈ ಕಡೆಯ ಶೂ ಕೂಡ ಡ್ರಮ್ಮಿಗೆ ಹೋಗಿ ಒರಗುತ್ತದೆ. ಎರಡೂ ಶೂ ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಹಿಡಿಯುತ್ತವೆ. ಕಾಲಿನ ಬ್ರೇಕ್ ಒತ್ತಿದಾಗ ಇದೇ ಶೂಗಳನ್ನು ಎಣ್ಣೆಯ ಒತ್ತಡದಿಂದ ವೀಲ್ ಸಿಲಿಂಡರ್ ದೂಡುತ್ತದೆ. ಕೈಗೂ ಕಾಲಿಗೂ ಶೂ ಒಂದೇ, ದೂಡುವ ದಾರಿ ಮಾತ್ರ ಬೇರೆ.

ನಾನು ಹೇಳಿದ ಆ ನಡುವಿನ ಪಟ್ಟಿಯಲ್ಲೇ ಇದರ ಗುಟ್ಟು ಇದೆ. ಶೂಗಳ ಮೇಲಿನ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜುವ ಪದರ, ಸವೆದಂತೆ ಶೂಗೂ ಡ್ರಮ್ಮಿಗೂ ನಡುವೆ ಅಂತರ ಜಾಸ್ತಿಯಾಗುತ್ತದೆ. ಆ ಅಂತರವನ್ನು ತಾನಾಗಿ ತುಂಬಿಕೊಳ್ಳಲೆಂದು ಪಟ್ಟಿಯಲ್ಲಿ ಒಂದು ಅಡ್ಜಸ್ಟರ್ ಇಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಅದು ಗರಗಸದ ಹಲ್ಲಿನಂಥ ಪಟ್ಟಿ, ಕೆಲವುಗಳಲ್ಲಿ ಹಲ್ಲುಚಕ್ರವಿರುವ ತಿರುಪು. ಲೈನಿಂಗ್ ಒಂದಿಷ್ಟು ಸವೆದಾಗ ಅಡ್ಜಸ್ಟರ್ ಒಂದು ಹಲ್ಲು ಮುಂದೆ ಹೋಗಿ ಪಟ್ಟಿ ಉದ್ದವಾಗುತ್ತದೆ. ತುಕ್ಕು, ಬ್ರೇಕಿನ ಪುಡಿ, ಮಳೆನೀರಿನ ಕೆಸರು ಸೇರಿ ಹಲ್ಲು ಗಟ್ಟಿಯಾಗಿ ಕೂತುಬಿಟ್ಟರೆ ಪಟ್ಟಿ ಉದ್ದವಾಗುವುದು ನಿಂತುಹೋಗುತ್ತದೆ. ಅಂತರ ಬೆಳೆಯುತ್ತಲೇ ಹೋಗುತ್ತದೆ. ಆಗ ಲಿವರ್ ಮೊದಲು ಆರು ಕ್ಲಿಕ್, ಆಮೇಲೆ ಎಂಟು, ಆಮೇಲೆ ನಿಮ್ಮ ಹನ್ನೆರಡು.

ಇಂಥ ಹೊತ್ತಿನಲ್ಲಿ ಕೇಬಲ್ ಬಿಗಿ ಮಾಡಿದರೆ ಏನಾಗುತ್ತದೆ? ಕೈಬ್ರೇಕ್ ಇಳಿಸಿದಾಗಲೂ ಡ್ರಮ್ಮಿನೊಳಗಿನ ಸಣ್ಣ ಲಿವರ್ ತನ್ನ ಜಾಗಕ್ಕೆ ಪೂರ್ತಿ ಮರಳುವುದಿಲ್ಲ, ಅರ್ಧಕ್ಕೇ ನಿಂತಿರುತ್ತದೆ. ಅದು ಪೂರ್ತಿ ಮರಳದಿದ್ದರೆ ಅಡ್ಜಸ್ಟರ್ ತನ್ನ ಕೆಲಸ ಮಾಡಲಾರದು. ಅಂದರೆ ಜಡವಾಗಿದ್ದ ಅಡ್ಜಸ್ಟರನ್ನು ನಾವೇ ಕೈಕಾಲು ಕಟ್ಟಿ ಕೂರಿಸಿದಂತೆ. ಇನ್ನು ಶೂ ಡ್ರಮ್ಮಿಗೆ ಸವರಿಕೊಂಡೇ ಓಡಿದರೆ ಶಾಖ ಏರುತ್ತದೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಂದು ಓಮ್ನಿಗೆ ಹೀಗೇ ಬರೀ ಕೇಬಲ್ ಬಿಗಿ ಮಾಡಿ ಕಳಿಸಿದ್ದೆ. ನಾಲ್ಕೇ ಕ್ಲಿಕ್‌ಗೆ ಗಟ್ಟಿಯಾಗಿ ನಿಲ್ಲುತ್ತಿತ್ತು, ಗಾಡಿಯವರಿಗೆ ಬಹಳ ಸಂತೋಷ. ಅದೇ ವಾರ ಅವರು ಮನೆಮಂದಿಯನ್ನು ಕರೆದುಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದಿದ್ದಾರೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ. ವಾಪಸ್ ಬಂದಾಗ ನಾನು ಡ್ರಮ್ ಬಿಚ್ಚಿದೆ. ಒಳಮೈ ನೀಲಿ ತಿರುಗಿತ್ತು, ಲೈನಿಂಗ್ ಮೇಲೆ ಕೂದಲೆಳೆಯಂಥ ಬಿರುಕುಗಳು. ಆ ಗಾಡಿಯಲ್ಲಿ ಮಕ್ಕಳಿದ್ದರು. ಅವತ್ತಿನಿಂದ ಇವತ್ತಿನವರೆಗೆ ಡ್ರಮ್ ಬಿಚ್ಚದೆ ನಾನು ಕೇಬಲ್ ನಟ್ಟಿಗೆ ಕೈ ಹಾಕಿಲ್ಲ.

ಈಗ ನಿಮ್ಮ ಗಾಡಿಗೆ ಬರೋಣ. ಏನನ್ನೂ ಬಿಚ್ಚದೆ ಮಾಡಬಹುದಾದ ಒಂದು ಪರೀಕ್ಷೆ ಇದೆ, ಮೊದಲು ಅದನ್ನು ಮಾಡಿ. ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡೆ ಕೊಟ್ಟು ಕೈಬ್ರೇಕ್ ಪೂರ್ತಿ ಇಳಿಸಿ. ಕಾಲಿನ ಬ್ರೇಕ್ ಒಂದು ಸಲ ಒತ್ತಿ, ಪೆಡಲ್ ಎಷ್ಟು ಕೆಳಗೆ ಹೋಗಿ ಗಟ್ಟಿಯಾಗುತ್ತದೆ ಅಂತ ಕಾಲಿನಲ್ಲೇ ಗುರುತು ಮಾಡಿಕೊಳ್ಳಿ. ಈಗ ಕೈಬ್ರೇಕನ್ನು ಶೂ ಡ್ರಮ್ಮಿಗೆ ತಾಗುವಷ್ಟು ಎಳೆದು ಮತ್ತೆ ಪೆಡಲ್ ಒತ್ತಿ. ಈ ಸಲ ಪೆಡಲ್ ಎದ್ದು ಕಾಣುವಷ್ಟು ಮೇಲೇ ಗಟ್ಟಿಯಾದರೆ ಹಿಂದಿನ ಶೂಗಳಿಗೂ ಡ್ರಮ್ಮಿಗೂ ಅಂತರ ಜಾಸ್ತಿಯಾಗಿದೆ ಅಂತ ಅರ್ಥ. ಕೈಬ್ರೇಕ್ ಶೂಗಳನ್ನು ಮೊದಲೇ ಡ್ರಮ್ಮಿನ ಹತ್ತಿರ ತಂದು ನಿಲ್ಲಿಸಿದ್ದರಿಂದ ಪೆಡಲ್ ಅಷ್ಟು ದೂರ ಹೋಗಬೇಕಾಗಲಿಲ್ಲ. ಈ ಗಾಡಿಯ ಕಾಲಿನ ಬ್ರೇಕ್ ಕೂಡ ಈಚೆಗೆ ಕೆಳಗೆ ಹೋಗುತ್ತಿದೆ ಅಂತ ನಿಮಗೆ ಅನಿಸಿದ್ದರೆ ಕಾರಣ ಇದೇ ಇರಬಹುದು.

ಲಿವರ್ ಎಳೆಯುವಾಗ ಕೈಗೆ ಏನು ಗೊತ್ತಾಗುತ್ತದೆ ಅನ್ನುವುದನ್ನೂ ಗಮನಿಸಿ. ಸಲೀಸಾಗಿ ಮೇಲೆ ಬಂದು ಕೊನೆಯಲ್ಲಿ ಮಾತ್ರ ಬಿಗಿಯಾದರೆ ಅಂತರದ ತೊಂದರೆ. ಮೊದಲ ಕ್ಲಿಕ್‌ನಿಂದಲೇ ಭಾರ, ಆದರೂ ಚಕ್ರ ಹಿಡಿಯುತ್ತಿಲ್ಲ ಅಂದರೆ ತಂತಿ ಕವಚದೊಳಗೆ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ಏನೂ ತಡೆಯಿಲ್ಲದೆ ಲಿವರ್ ನೆಟ್ಟಗೆ ಎದ್ದು ನಿಂತರೆ ಕೇಬಲ್ ತುಂಡಾಗಿದೆ ಅಥವಾ ಕೊಕ್ಕೆ ಕಳಚಿದೆ. ಎಳೆದಲ್ಲಿ ನಿಲ್ಲದೆ ಲಿವರ್ ತಾನಾಗಿ ಬಿದ್ದುಹೋದರೆ ಬುಡದ ಹಲ್ಲು ಸವೆದಿದೆ, ಆಗ ಲಿವರ್ ಸೆಟ್ಟನ್ನೇ ಬದಲಿಸಬೇಕು. ನೀವು ಬರೆದದ್ದು ನೋಡಿದರೆ ಎರಡು ತೊಂದರೆ ಒಟ್ಟಿಗೆ ಇರುವ ಹಾಗಿದೆ. ಜಾರುವುದಕ್ಕೆ ಅಂತರ ಕಾರಣ, ಎಡ ಚಕ್ರ ಹಿಡಿದುಕೊಂಡದ್ದಕ್ಕೆ ಶೂ ತುಕ್ಕಿಗೆ ಅಂಟಿದ್ದು ಅಥವಾ ಎಡಗಡೆ ಕೇಬಲ್ ಮರಳದೇ ಇದ್ದದ್ದು ಕಾರಣ.

ಇನ್ನು ಬಿಚ್ಚುವ ಕೆಲಸ. ಜಾಗದ ಬಗ್ಗೆ ಕಟ್ಟುನಿಟ್ಟಾಗಿ ಇರಿ. ಮನೆ ಮುಂದಿನ ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಸಮತಟ್ಟಾಗಿರುತ್ತದೆ, ಗಟ್ಟಿಯಾಗಿರುತ್ತದೆ, ಬಿದ್ದ ಸ್ಪ್ರಿಂಗ್ ಕಣ್ಣಿಗೆ ಕಾಣುತ್ತದೆ. ನಮ್ಮ ಕೆಂಪು ಮಣ್ಣಿನ ಅಂಗಳದಲ್ಲಿ ಮಾಡಲೇಬೇಕಾದರೆ ಜಾಕಿನ ಅಡಿಗೆ ಅಗಲವಾದ ದಪ್ಪ ಹಲಗೆ ಹಾಕಿ. ಮಳೆ ಬಿದ್ದ ಮಣ್ಣಿನಲ್ಲಿ ಜಾಕ್ ಒಂದು ಕಡೆಗೆ ಹೂತು ವಾಲುತ್ತದೆ.

ಒಂದು ಮಾತು ಇಲ್ಲಿ ನೆನಪಿರಲಿ. ಈ ಕೆಲಸಕ್ಕೆ ಕೈಬ್ರೇಕ್ ಇಳಿಸಲೇಬೇಕು, ಅಂದರೆ ಗಾಡಿಯನ್ನು ಹಿಡಿದಿಡಲು ಕೈಬ್ರೇಕ್ ಇಲ್ಲ. 800 ಮುಂದಿನ ಚಕ್ರದಿಂದ ಎಳೆಯುವ ಗಾಡಿ, ಹಾಗಾಗಿ ಮೊದಲ ಗೇರ್ ಹಾಕಿಟ್ಟರೆ ನೆಲದ ಮೇಲಿರುವ ಮುಂದಿನ ಚಕ್ರಗಳು ಹಿಡಿದುಕೊಳ್ಳುತ್ತವೆ. ಅಷ್ಟಕ್ಕೇ ಬಿಡದೆ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡೆ ಕೊಡಿ. ಉರುಟು ಕಲ್ಲು ಬೇಡ, ಅದು ಉರುಳುತ್ತದೆ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಡದೆ ಕೈ ಹಾಕಬೇಡಿ. ಸಿಮೆಂಟ್ ಇಟ್ಟಿಗೆ ಜೋಡಿಸಿ ಅದರ ಮೇಲೆ ಗಾಡಿ ಕೂರಿಸುವವರನ್ನು ನೋಡಿದ್ದೇನೆ. ಇಟ್ಟಿಗೆ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಬಿಚ್ಚಿದ ಚಕ್ರವನ್ನು ಗಾಡಿಯ ಅಂಚಿನಡಿ ಮಲಗಿಸಿಡುವುದು ಒಳ್ಳೆಯ ಅಭ್ಯಾಸ, ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

ಡ್ರಮ್ ಬಿಚ್ಚುವ ಮೊದಲು ಕೈಬ್ರೇಕ್ ಲಿವರಿನ ಕೇಬಲ್ ನಟ್ಟನ್ನು ಪೂರ್ತಿ ಸಡಿಲಿಸಿ. ಕೆಲವು ಗಾಡಿಗಳಲ್ಲಿ ಅದು ಸೀಟುಗಳ ನಡುವಿನ ಕವರ್ ಎತ್ತಿದರೆ ಸಿಗುತ್ತದೆ, ಕೆಲವುಗಳಲ್ಲಿ ಗಾಡಿಯ ಹೊಟ್ಟೆಯಡಿ ಎರಡು ಕೇಬಲ್ ಸೇರುವಲ್ಲಿ ಇರುತ್ತದೆ. ತಂತಿ ಸಡಿಲವಾದರೆ ಶೂಗಳು ಒಳಕ್ಕೆ ಸರಿದು ಡ್ರಮ್ ಬರುವುದು ಸುಲಭ.

ನಿಮ್ಮ 800ರಲ್ಲಿ ಡ್ರಮ್ ನಡುವಿನ ಕ್ಯಾಪ್ ಕೆಳಗೆ ದೊಡ್ಡ ನಟ್ಟು ಇರುತ್ತದೆ, ಅದು ಸಡಿಲವಾಗದಂತೆ ಸ್ಪ್ಲಿಟ್ ಪಿನ್, ಅಂದರೆ ಎರಡು ಕಾಲಿನ ಪಿನ್, ಹಾಕಿರುತ್ತಾರೆ. ಕ್ಯಾಪನ್ನು ಸುತ್ತಲೂ ಮೆಲ್ಲಗೆ ತಟ್ಟಿ ತೆಗೆಯಿರಿ, ಒಂದೇ ಕಡೆ ಹೊಡೆದರೆ ಸೊಟ್ಟಗಾಗಿ ಮತ್ತೆ ಕೂರುವುದಿಲ್ಲ, ಬೇರಿಂಗಿಗೆ ನೀರು ಹೋಗುತ್ತದೆ. ಪಿನ್ ತೆಗೆದು ನಟ್ಟು ಬಿಚ್ಚಿ. ಹಳೇ ಪಿನ್ನನ್ನು ಅಲ್ಲೇ ಎಸೆದುಬಿಡಿ, ಮತ್ತೆ ಹಾಕುವಂತಿಲ್ಲ. ಹೊಸದು ಎರಡು ಮೊದಲೇ ತಂದಿಟ್ಟುಕೊಳ್ಳಿ.

ಇಪ್ಪತ್ತು ವರ್ಷದ ಡ್ರಮ್ ಸುಲಭಕ್ಕೆ ಬರುವುದಿಲ್ಲ. ಸವೆದ ಡ್ರಮ್ಮಿನ ಒಳ ಅಂಚಿನಲ್ಲಿ ಒಂದು ದಿಬ್ಬ ಎದ್ದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಂಡು ತಡೆಯುತ್ತದೆ. ಕೆಲವು ಗಾಡಿಗಳ ಡ್ರಮ್ಮಿನಲ್ಲಿ ಬೋಲ್ಟು ತಿರುಗಿಸಲು ಥ್ರೆಡ್ ಕೊರೆದ ಎರಡು ತೂತು ಇರುತ್ತವೆ. ಆ ತೂತಿಗೆ 8 ಮಿ.ಮೀ. ಬೋಲ್ಟು ಹಾಕಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ತೂತು ಇಲ್ಲದಿದ್ದರೆ ಪುಲ್ಲರ್, ಅಂದರೆ ಡ್ರಮ್ಮನ್ನು ಹಿಡಿದು ಹೊರಗೆ ಎಳೆಯುವ ಸಾಧನ, ಬೇಕು, ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ಕೇಳಿ ತನ್ನಿ. ಎರಡು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಹಿಂದಿನ ಬ್ಯಾಕ್ ಪ್ಲೇಟ್ ತೆಳು ತಗಡು, ಒಮ್ಮೆ ಸೊಟ್ಟಗಾದರೆ ಆಮೇಲೆ ಯಾವ ಅಡ್ಜಸ್ಟ್‌ಮೆಂಟೂ ನಿಲ್ಲುವುದಿಲ್ಲ. ಸುತ್ತಿಗೆ ಬಳಸುವುದಾದರೆ ಮರದ್ದು, ಅದೂ ಡ್ರಮ್ಮಿನ ಸುತ್ತ ಸಮನಾಗಿ.

ಡ್ರಮ್ ಬಂದ ಕೂಡಲೇ ಎರಡು ಎಚ್ಚರ. ಡ್ರಮ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು. ತುಳಿದರೆ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರಿ ಎಣ್ಣೆಯೆಲ್ಲ ಸೋರಿಹೋಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗಾಡಿಯ ಬಾಗಿಲು ಲಾಕ್ ಮಾಡಿಡಿ. ಎರಡನೆಯದು ಡ್ರಮ್ಮಿನೊಳಗಿನ ಕಪ್ಪು ಪುಡಿ. ಅದನ್ನು ಬಾಯಲ್ಲಿ ಊದುವುದಾಗಲೀ ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಹಾರಿಸುವುದಾಗಲೀ ಮಾಡಬೇಡಿ. ಹಳೇ ಲೈನಿಂಗ್‌ಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಹತ್ತಾರು ವರ್ಷದ ನಂತರ ಕಾಣಿಸಿಕೊಳ್ಳುತ್ತದೆ. ಮೂಗಿಗೆ ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಅಥವಾ ಸೋಪಿನ ನೀರಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿಗೆ ಕಟ್ಟಿ ಎಸೆಯಿರಿ. ನಮ್ಮ ಕಾಲದಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಂದೇ ಕಡೆ ಬಿಚ್ಚಿ, ಇನ್ನೊಂದು ಕಡೆಯನ್ನು ಹಾಗೇ ಬಿಡಿ. ಸ್ಪ್ರಿಂಗ್ ಯಾವ ತೂತಿಗೆ ಹೋಗಬೇಕು ಅಂತ ಗೊಂದಲವಾದಾಗ ನೋಡಿಕೊಳ್ಳಲು ಒಂದು ಮಾದರಿ ಇರುತ್ತದೆ. ಎಡಕ್ಕೂ ಬಲಕ್ಕೂ ಕನ್ನಡಿಯಲ್ಲಿ ನೋಡಿದ ಹಾಗೆ ತಿರುವು ಬೇರೆ ಅನ್ನುವುದು ಮಾತ್ರ ನೆನಪಿರಲಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ.

ಈಗ ನಿಧಾನವಾಗಿ ನೋಡಿ. ನಿಮ್ಮ ಎಡಗಡೆ ಡ್ರಮ್ಮಿನಲ್ಲಿ ಏನು ಕಾಣುತ್ತದೆ ಅಂತ ನಾನು ಇಲ್ಲಿಂದಲೇ ಸುಮಾರಾಗಿ ಹೇಳಬಲ್ಲೆ, ಮಲೆನಾಡಿನ ಗಾಡಿಗಳು ಅಷ್ಟು ಬಿಚ್ಚಿದ್ದೇನೆ. ಡ್ರಮ್ಮಿನ ಒಳಮೈಯಲ್ಲಿ ಶೂ ಅಂಟಿದ್ದ ಜಾಗದಲ್ಲಿ ಇಟ್ಟಿಗೆ ಬಣ್ಣದ ತುಕ್ಕಿನ ಅಚ್ಚು ಮೂಡಿರುತ್ತದೆ, ಶೂವಿನ ಆಕಾರಕ್ಕೆ ಸರಿಯಾಗಿ. ಲೈನಿಂಗಿನ ಮೇಲೂ ಅದೇ ಅಚ್ಚಿನ ಇನ್ನೊಂದು ಪ್ರತಿ. ಒದ್ದೆ ಡ್ರಮ್ಮಿಗೆ ಶೂ ಒತ್ತಿಟ್ಟು ಎರಡು ವಾರ ಬಿಟ್ಟಾಗ ಇವೆರಡರ ನಡುವೆ ತುಕ್ಕು ಬೆಳೆದು ಗೋಂದಿನಂತೆ ಹಿಡಿದದ್ದು ಇದು. ಸಣ್ಣ ಲಿವರಿನ ತಿರುಗಣಿಯ ಸುತ್ತ ಕಪ್ಪು ಪುಡಿ ಗಟ್ಟಿ ಹೆಪ್ಪುಗಟ್ಟಿರುತ್ತದೆ. ಬೆರಳಿನಿಂದ ಆಡಿಸಿ ನೋಡಿದರೆ ಹೋಗುತ್ತದೆ, ತಾನಾಗಿ ಮರಳುವುದಿಲ್ಲ. ಅಡ್ಜಸ್ಟರಿನ ಹಲ್ಲುಗಳ ನಡುವೆ ಉಗುರಿನಿಂದ ಗೀರಿದರೆ ಪುಡಿ ಪದರವಾಗಿ ಏಳುತ್ತದೆ.

ಲೈನಿಂಗ್ ದಪ್ಪ ಅಳೆಯಿರಿ. ಲೋಹದ ಶೂ ಬಿಟ್ಟು ಬರೀ ಲೈನಿಂಗ್ ಒಂದೂವರೆ ಮಿ.ಮೀ.ಗೆ ಬಂದಿದ್ದರೆ ಯೋಚನೆಯೇ ಬೇಡ, ಬದಲಿಸಿ. ರಿವೆಟ್ ಇರುವ ಲೈನಿಂಗಾದರೆ ರಿವೆಟ್ ತಲೆ ಮೇಲಕ್ಕೆ ಹತ್ತಿರ ಬಂದಿದೆಯಾ ನೋಡಿ. ಬದಲಿಸುವಾಗ ಎರಡೂ ಚಕ್ರಗಳ ನಾಲ್ಕೂ ಶೂ ಒಟ್ಟಿಗೆ ಬದಲಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು ಆದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಗಾಡಿಯ ಹಿಂಭಾಗ ಒಂದು ಕಡೆಗೆ ಎಳೆಯುತ್ತದೆ. ದಪ್ಪ ಇದ್ದೂ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಎಮೆರಿ ಪೇಪರಿನಿಂದ ಉಜ್ಜಿ ಆ ಹೊಳಪು ತೆಗೆಯಿರಿ, ಡ್ರಮ್ಮಿನ ತುಕ್ಕಿಗೂ ಅದೇ ಪೇಪರ್ ಸಾಕು. ಡ್ರಮ್ಮಿನಲ್ಲಿ ಆಳವಾದ ಗೀರು ಇದ್ದರೆ ಲೇತ್ ಅಂಗಡಿಗೆ ಕೊಡಬೇಕು. ಡ್ರಮ್ಮಿನ ಮೇಲೆ ಅಚ್ಚೊತ್ತಿರುವ ಗರಿಷ್ಠ ವ್ಯಾಸ ನೋಡಿ, ತಿರುವಿದ ಮೇಲೆ ಅದನ್ನು ಮೀರುತ್ತದೆ ಅಂದರೆ ಡ್ರಮ್ಮನ್ನೇ ಬದಲಿಸಿ.

ವೀಲ್ ಸಿಲಿಂಡರಿನ ಎರಡು ತುದಿಯಲ್ಲಿ ರಬ್ಬರ್ ಟೊಪ್ಪಿ ಇರುತ್ತದೆ. ಅದರ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ. ಒಳಗೆ ಒಣಗಿದ್ದರೆ ಸರಿ. ಎಣ್ಣೆ ಇಳಿದು ಬಂದರೆ ಅಲ್ಲಿಗೆ ನಿಮ್ಮ ಮನೆ ಕೆಲಸ ನಿಲ್ಲಿಸಿ. ಸಿಲಿಂಡರ್ ಬದಲಿಸಿ ಬ್ಲೀಡ್ ಮಾಡುವುದು, ಅಂದರೆ ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆಯುವುದು, ಕಾಲಿನ ಬ್ರೇಕಿನ ವಿಷಯ, ಅದನ್ನು ಪಳಗಿದ ಕೈ ಮಾಡಲಿ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಒಲೆ ಮೇಲೆ ಒಣಗಿಸಿ ಮತ್ತೆ ಹಾಕುವ ಪದ್ಧತಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ಒಳಗೆ ಇಳಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ, ಅದೂ ಘಾಟಿಯ ನಡುವೆ. ಸಿಲಿಂಡರಿನ ರಬ್ಬರಿಗೆ ಪೆಟ್ರೋಲ್, ಸೀಮೆಎಣ್ಣೆ, ಗ್ರೀಸ್ ಯಾವುದನ್ನೂ ಮುಟ್ಟಿಸಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಒಣಗಿದೆ ಅಂದುಕೊಳ್ಳೋಣ. ಶೂಗಳನ್ನು ಬಿಚ್ಚಿ ಸಣ್ಣ ಲಿವರಿನ ತಿರುಗಣಿ, ಅಡ್ಜಸ್ಟರಿನ ಹಲ್ಲು, ಪಟ್ಟಿಯ ಎರಡು ತುದಿಗಳನ್ನು ತಂತಿ ಬ್ರಷ್‌ನಿಂದ ಚೊಕ್ಕ ಮಾಡಿ. ಹಲ್ಲಿನ ತುದಿ ಮೊಂಡಾಗಿದ್ದರೆ ಅಡ್ಜಸ್ಟರ್ ಬದಲಿಸಬೇಕು, ಅದು ಎಷ್ಟು ತೊಳೆದರೂ ಜಾರುತ್ತದೆ. ಬ್ಯಾಕ್ ಪ್ಲೇಟಿನ ಮೇಲೆ ಶೂ ಅಂಚು ಉಜ್ಜುವ ಕಡೆ ಸ್ವಲ್ಪ ಉಬ್ಬಿದ ಬಿಲ್ಲೆಗಳಿರುತ್ತವೆ, ಸವೆದು ಹೊಳೆಯುತ್ತಿರುತ್ತವೆ, ಹುಡುಕಬೇಕಾಗಿಲ್ಲ. ಆ ಬಿಲ್ಲೆಗಳಿಗೆ, ತಿರುಗಣಿಗೆ, ಅಡ್ಜಸ್ಟರಿಗೆ ಶಾಖ ತಡೆಯುವ ಬ್ರೇಕ್ ಗ್ರೀಸ್ ಹಚ್ಚಿ. ಎಷ್ಟು? ಬೆರಳ ತುದಿಯಲ್ಲಿ ಹಣೆಗೆ ಕುಂಕುಮ ಇಡುವಷ್ಟು. ಜಾಸ್ತಿಯಾದರೆ ಅದು ಕರಗಿ ಲೈನಿಂಗಿಗೆ ಹೋಗುತ್ತದೆ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಇಲ್ಲಿಗೆ ಸಲ್ಲದು.

ಡ್ರಮ್ ಹೊರಗಿರುವಾಗಲೇ ಕೇಬಲ್ಲಿನ ಪರೀಕ್ಷೆಯೂ ಮುಗಿಯಲಿ. ತಂತಿಯ ತುದಿಯನ್ನು ಸಣ್ಣ ಲಿವರಿನಿಂದ ಬಿಡಿಸಿ, ಮುಂದಿನ ತುದಿಯನ್ನೂ ಸಡಿಲಿಸಿ, ಕೈಯಲ್ಲಿ ಹಿಂದೆ ಮುಂದೆ ಎಳೆಯಿರಿ. ಒಳ್ಳೆಯ ತಂತಿ ನಯವಾಗಿ ಜಾರುತ್ತದೆ. ನಿಮ್ಮದು ಕಿರ್ರೆಂದು ತಡೆದು ತಡೆದು ಬಂದರೆ ಕವಚದ ಮೇಲೆ ಕೈ ಆಡಿಸುತ್ತಾ ಬನ್ನಿ. ಎಲ್ಲೋ ಒಂದು ಕಡೆ ರಬ್ಬರ್ ಒಡೆದು ಬಾಯಿ ಬಿಟ್ಟಿರುತ್ತದೆ, ಹೆಚ್ಚಾಗಿ ಚಕ್ರದ ಹತ್ತಿರ ಬಾಗುವ ಜಾಗದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ರಸ್ತೆಯಲ್ಲಿ ನೀರು ಎರಚುತ್ತಲೇ ಇರುತ್ತದೆ, ಆ ಬಾಯಿಂದ ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ದಿನಕ್ಕೆ ಜಾರುತ್ತದೆ, ಮುಂದಿನ ಮಳೆಗೆ ಮತ್ತೆ ಸಿಕ್ಕಿಕೊಳ್ಳುತ್ತದೆ. ತುಕ್ಕು ಹಿಡಿದ ಕೇಬಲ್ ಬದಲಿಸುವುದೇ ಸರಿ, ಎಡ ಬಲ ಎರಡೂ ಒಟ್ಟಿಗೆ. ಹೊಸ ಕೇಬಲ್ಲನ್ನು ಹಳೆಯದರ ಪಕ್ಕ ನೆಲದ ಮೇಲೆ ಇಟ್ಟು ಉದ್ದ ಹೋಲಿಸಿ ನೋಡದೆ ಅಂಗಡಿಯಿಂದ ಹೊರಡಬೇಡಿ.

ಜೋಡಿಸುವುದು ಬಿಚ್ಚಿದ್ದರ ಹಿಮ್ಮುಖ. ಹೊಸ ಶೂ ಹಾಕಿದ್ದರೆ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಂದಿಡಿ, ಇಲ್ಲದಿದ್ದರೆ ಡ್ರಮ್ ಒಳಗೆ ಹೋಗುವುದಿಲ್ಲ. ಲೈನಿಂಗಿಗೆ ಬೆರಳಿನ ಗ್ರೀಸ್ ತಾಗಿಸಬೇಡಿ. ನಟ್ಟನ್ನು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಹೇಳುವ ಬಿಗಿಗೇ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿ ಮಾಡಿ, ಅಂದಾಜು ಬೇಡ, ಈ ಗಾಡಿಯಲ್ಲಿ ಬೇರಿಂಗ್ ಡ್ರಮ್ಮಿನಲ್ಲೇ ಕೂತಿದೆ. ಹೊಸ ಸ್ಪ್ಲಿಟ್ ಪಿನ್ ಹಾಕಿ ಎರಡೂ ಕಾಲು ಬಗ್ಗಿಸಿ. ಇನ್ನೊಂದು ಕಡೆಯೂ ಇದೇ ಕೆಲಸ.

ಎರಡೂ ಡ್ರಮ್ ಕೂತ ಮೇಲೆ, ಕೇಬಲ್ ಇನ್ನೂ ಸಡಿಲವಾಗಿರುವಾಗಲೇ, ಕಾಲಿನ ಬ್ರೇಕನ್ನು ಹತ್ತು ಹನ್ನೆರಡು ಸಲ ಗಟ್ಟಿಯಾಗಿ ಒತ್ತಿ ಬಿಡಿ. ಹಿಂದಿನ ಚಕ್ರದ ಹತ್ತಿರ ಯಾರನ್ನಾದರೂ ಕೂರಿಸಿ ಕಿವಿಗೊಡಲು ಹೇಳಿ. ಅಡ್ಜಸ್ಟರ್ ಒಂದೊಂದೇ ಹಲ್ಲು ಮುಂದೆ ಹೋಗುವ ಟಿಕ್ ಟಿಕ್ ಹಲವು ಗಾಡಿಗಳಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕೊನೆಗೆ ಶಬ್ದ ನಿಂತು ಪೆಡಲ್ ಮೇಲೆಯೇ ಗಟ್ಟಿಯಾಗುತ್ತದೆ. ಅಂತರ ತನ್ನ ಅಳತೆಗೆ ಬಂತು. ನಿಮ್ಮ ಅರ್ಧ ತೊಂದರೆ ಇಲ್ಲಿಗೆ ಕಳೆಯಿತು, ಕೇಬಲ್ ನಟ್ಟನ್ನು ಇನ್ನೂ ಮುಟ್ಟಿಲ್ಲ.

ಈಗ ಆ ನಟ್ಟು. ಲಿವರನ್ನು ಮೂರು ನಾಲ್ಕು ಸಲ ಪೂರ್ತಿ ಎಳೆದು ಬಿಡಿ, ತಂತಿ ತನ್ನ ಜಾಗದಲ್ಲಿ ಕೂರಲಿ. ಆಮೇಲೆ ನಟ್ಟನ್ನು ಒಂದೊಂದೇ ಸುತ್ತು ಬಿಗಿ ಮಾಡುತ್ತಾ ಹಿಂದಿನ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡಿ. ಒಂದು ಎರಡು ಕ್ಲಿಕ್‌ಗೆ ಚಕ್ರ ಸಲೀಸಾಗಿ ತಿರುಗಬೇಕು, ನಾಲ್ಕು ಐದಕ್ಕೆ ಸವರುವ ಶಬ್ದ ಬರಬೇಕು, ಐದರಿಂದ ಎಂಟರ ಒಳಗೆ ಎರಡೂ ಚಕ್ರ ಕೈಯಿಂದ ತಿರುಗಿಸಲಾಗದಂತೆ ನಿಲ್ಲಬೇಕು. ಹೆಚ್ಚಿನ ಗಾಡಿಗಳಿಗೆ ಇದು ಸರಿಯಾದ ಲೆಕ್ಕ. ಎರಡೂ ಚಕ್ರ ಒಂದೇ ಕ್ಲಿಕ್‌ಗೆ ನಿಲ್ಲದೆ ಒಂದು ಮೊದಲು, ಒಂದು ಆಮೇಲೆ ನಿಂತರೆ ಹಿಂದೆ ಬಿದ್ದ ಕಡೆಯ ಡ್ರಮ್ ಮತ್ತೆ ಬಿಚ್ಚಬೇಕು, ಅಥವಾ ಆ ಕಡೆಯ ಕೇಬಲ್ ಸಿಕ್ಕಿಕೊಂಡಿದೆ. ಲಿವರ್ ಪೂರ್ತಿ ಇಳಿಸಿದಾಗ ಎರಡೂ ಚಕ್ರ ಸ್ವಲ್ಪವೂ ಸವರದೆ ತಿರುಗಬೇಕು. ಈ ಕೊನೆಯ ಪರೀಕ್ಷೆಯಲ್ಲಿ ರಾಜಿ ಬೇಡ. ಎಂಟು ಕ್ಲಿಕ್ ಇದ್ದು ಚಕ್ರ ಸಲೀಸಾಗಿ ತಿರುಗುವ ಗಾಡಿ, ನಾಲ್ಕು ಕ್ಲಿಕ್‌ಗೆ ನಿಂತು ಸದಾ ಸವರುವ ಗಾಡಿಗಿಂತ ಎಷ್ಟೋ ಮೇಲು.

ಇಳಿಜಾರಿನಲ್ಲಿ ಪರೀಕ್ಷೆ ಮಾಡುವಾಗ ಮೂತಿ ಮೇಲಕ್ಕೆ ಇಟ್ಟು ಒಂದು ಸಲ, ಕೆಳಕ್ಕೆ ಇಟ್ಟು ಒಂದು ಸಲ ನೋಡಿ. ಗಾಡಿ ಯಾವ ಕಡೆಗೆ ಉರುಳಲು ನೋಡುತ್ತದೋ ಅದರ ಮೇಲೆ ಯಾವ ಶೂ ಹೆಚ್ಚು ಕಚ್ಚುತ್ತದೆ ಅನ್ನುವುದು ಬದಲಾಗುತ್ತದೆ. ಜೊತೆಗೆ ಮೂತಿ ಕೆಳಗಿದ್ದಾಗ ಭಾರ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಗುರವಾಗುತ್ತದೆ, ಪಾಚಿಗಟ್ಟಿದ ಅಂಗಳದಲ್ಲಿ ಚಕ್ರ ನಿಂತೂ ಗಾಡಿ ಜಾರಬಹುದು. ಗೇರನ್ನು ನ್ಯೂಟ್ರಲ್‌ನಲ್ಲಿ ಇಟ್ಟು, ಒಬ್ಬರು ಸೀಟಿನಲ್ಲಿ ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಕೂತು, ಕಾಲನ್ನು ಮೆಲ್ಲಗೆ ಎತ್ತಿ ನೋಡಬೇಕು. ಗಾಡಿಯ ಹಿಂದೆ, ಮುಂದೆ ಯಾರೂ ನಿಲ್ಲಬಾರದು.

ಮಳೆಗಾಲದಲ್ಲಿ ಚಕ್ರ ಹಿಡಿದುಕೊಳ್ಳುವ ವಿಷಯಕ್ಕೆ ಬಂದರೆ, ನಾಲ್ಕು ದಿನಕ್ಕಿಂತ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಶೆಡ್ಡಿನ ಸಮನೆಲದಲ್ಲಿ ಗೇರ್ ಹಾಕಿ, ಎರಡು ಚಕ್ರಕ್ಕೆ ಮರದ ಅಡ್ಡೆ ಕೊಟ್ಟು, ಕೈಬ್ರೇಕ್ ಇಳಿಸಿಯೇ ಇಡಿ. ಹೊಳೆಯಂತೆ ನೀರು ಹರಿಯುವ ರಸ್ತೆ ದಾಟಿ ಬಂದಿದ್ದರೆ ಮನೆಗೆ ಹತ್ತಿರ ಬಂದಾಗ ಕಾಲಿನ ಬ್ರೇಕನ್ನು ಹಗುರಕ್ಕೆ ಒಂದೆರಡು ಸಲ ಒತ್ತಿ ಓಡಿಸಿ, ಆ ಶಾಖಕ್ಕೆ ಡ್ರಮ್ಮಿನೊಳಗಿನ ನೀರು ಆರುತ್ತದೆ. ಘಾಟಿ ಇಳಿದು ಬಂದ ಕೂಡಲೇ, ಡ್ರಮ್ ಕಾದಿರುವಾಗ, ಕೈಬ್ರೇಕನ್ನು ಜಗ್ಗಿ ಎಳೆದು ಬಿಟ್ಟು ಹೋಗಬೇಡಿ. ಕಾದು ಹಿಗ್ಗಿದ ಡ್ರಮ್ ಆರಿದಾಗ ಕುಗ್ಗಿ ಶೂಗಳ ಮೇಲೆ ಬಿಗಿದುಕೊಳ್ಳುತ್ತದೆ. ಇಷ್ಟೆಲ್ಲ ಮಾಡಿಯೂ ಒಮ್ಮೆ ಹಿಡಿದುಕೊಂಡರೆ ಆಕ್ಸಿಲರೇಟರ್ ತುಳಿದು ಎಳೆಸಬೇಡಿ, ಲೈನಿಂಗ್ ಶೂವಿನಿಂದ ಕಿತ್ತು ಬರುತ್ತದೆ. ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ, ಡ್ರಮ್ಮನ್ನು ಕೈಯಲ್ಲಿ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಟಕ್ ಎಂದು ಬಿಡುತ್ತದೆ.

ನಿಮ್ಮ ಗಾಡಿ ಹದಿನೈದು ವರ್ಷ ದಾಟಿದೆ, ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ತರಲೇಬೇಕು. ತಪಾಸಣೆಯಲ್ಲಿ ಬ್ರೇಕನ್ನೂ ನೋಡುತ್ತಾರೆ. ಅದಕ್ಕೆ ಒಂದು ತಿಂಗಳು ಮೊದಲೇ ಈ ಕೆಲಸ ಮುಗಿಸಿಕೊಂಡರೆ ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಹೊಸ ಲೈನಿಂಗ್ ಹಾಕಿದ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹಿಡಿತ ಸ್ವಲ್ಪ ಕಮ್ಮಿಯೇ ಇರುತ್ತದೆ, ಆ ದಿನಗಳಲ್ಲಿ ಘಾಟಿ ಬೇಡ. ಅಷ್ಟು ಓಡಿದ ಮೇಲೆ ಕ್ಲಿಕ್ ಮತ್ತೆ ಎಣಿಸಿ, ಒಂದೋ ಎರಡೋ ಹೆಚ್ಚಾಗಿದ್ದರೆ ಮೊದಲು ಪೆಡಲ್ ಹತ್ತು ಸಲ ಒತ್ತಿ, ಆಮೇಲೂ ಹೆಚ್ಚಿದ್ದರೆ ಮಾತ್ರ ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿ.

ಎಡಗಡೆಯಿಂದಲೇ ಶುರು ಮಾಡಿ. ಡ್ರಮ್ ಬಿಚ್ಚಿದಾಗ ಅಡ್ಜಸ್ಟರಿನ ಹಲ್ಲು ಮತ್ತು ಸಿಲಿಂಡರಿನ ರಬ್ಬರ್ ಎರಡೂ ಚೆನ್ನಾಗಿ ಕಾಣುವಂತೆ ಹಗಲಿನ ಬೆಳಕಿನಲ್ಲಿ ಫೋಟೋ ತೆಗೆದು ಕಳುಹಿಸಿ. ಆ ಹಲ್ಲು ತೊಳೆದು ಹಾಕುವಂಥದ್ದೋ, ಬದಲಿಸಬೇಕಾದದ್ದೋ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಚಕ್ರಕ್ಕೆ ಇಡುತ್ತಿರುವ ಕಲ್ಲಿನ ಬದಲು ಒಂದು ಒಳ್ಳೆಯ ಮರದ ಅಡ್ಡೆ ಕಡಿಸಿಟ್ಟುಕೊಳ್ಳಿ. ಮೂತಿ ಮೇಲಿದ್ದರೆ ಮೊದಲ ಗೇರ್, ಕೆಳಗಿದ್ದ ದಿನ ರಿವರ್ಸ್ ಗೇರ್ ಹಾಕಿಯೇ ಇಳಿಯಿರಿ.